ಗಂಧ ಹಚ್ಚಿದ ಸ್ಕ್ರೂ

ಯಳಂದೂರಿನ ಗುರುಪಾದಸ್ವಾಮಿಯ ಮನೆಯಲ್ಲಿ ದೇವರಿಗೆ ಎರಡು ಜಾಗಗಳಿದ್ದವು. ಒಂದು, ಅಡುಗೆಮನೆಯ ಪಕ್ಕದ ಗೂಡು. ಅಲ್ಲಿ ಮಹದೇಶ್ವರನ ಪಟ, ದೀಪದ ಕಂಬಗಳು, ಬೆಟ್ಟದಿಂದ ತಂದ ವಿಭೂತಿಗಟ್ಟಿ. ಇನ್ನೊಂದು, ಹಾಲಿನ ಷೋಕೇಸು. ಅದರ ಗಾಜಿನ ಹಿಂದೆ ಒಂದು ನೀಲಿ ಟೂಲ್ ಬಾಕ್ಸ್. ಮೊದಲನೆಯದನ್ನು ದಿನಾ ಒರೆಸಿ, ಹಿತ್ತಾಳೆ ಬೆಳಗಿ, ಹೂವಿಡುವುದು ಹೆಂಡತಿ ಶಿವರಂಜನಿಯ ಕೆಲಸ. ಎರಡನೆಯದನ್ನು ಮುಟ್ಟುವ ಹಕ್ಕು ಗುರುಪಾದಸ್ವಾಮಿಗೆ ಮಾತ್ರ. ಅದರ ಬೀಗದಕೈ ಅವನ ಬೈಕಿನ ಕೀ ಗೊಂಚಲಲ್ಲಿ ನೇತಾಡುತ್ತಿತ್ತು.

ಪೇಟೆ ಬೀದಿಯಲ್ಲಿ ಅವನದು ಪಂಪ್‌ಸೆಟ್ ಸಾಮಾನಿನ ಅಂಗಡಿ. ಪೈಪು, ವಾಲ್ವು, ನಟ್ಟು, ಬೋಲ್ಟು, ಸ್ಪ್ಯಾನರ್ ಮಾರುತ್ತಾನೆ. ಮಾರುವವನಿಗೆ ತಿರುಗಿಸಲೂ ಬರುತ್ತದೆ ಎಂದು ಊರು ನಂಬಿದೆ. ಊರಿಗಿಂತ ಗಟ್ಟಿಯಾಗಿ ಅವನೇ ನಂಬಿದ್ದಾನೆ. ಮನೆಯಲ್ಲಿ ಮಿಕ್ಸಿಯ ಜಾರು ಸಡಿಲವಾದರೆ, ಕುಕ್ಕರಿನ ಹಿಡಿ ಅಲ್ಲಾಡಿದರೆ, ನಲ್ಲಿ ಸೋರಿದರೆ, "ಟೈಮ್ ಸಿಕ್ಕಾಗ ನೋಡ್ತೀನಿ, ಬುಡು" ಎನ್ನುತ್ತಾನೆ. ಆ ಟೈಮು ಮದುವೆಯಾದಂದಿನಿಂದ ಸಿಕ್ಕಿಲ್ಲ. ಶಿವರಂಜನಿ ಚಾಕುವಿನ ತುದಿಯಲ್ಲಿ, ಹೇರ್‌ಪಿನ್ನಿನಲ್ಲಿ, ಹಳೆ ಚಮಚದ ಹಿಡಿಯಲ್ಲಿ ಎಲ್ಲವನ್ನೂ ಬಿಗಿ ಮಾಡುತ್ತ ಸಂಸಾರ ಸಾಗಿಸಿದ್ದಳು. ಅದಕ್ಕೆ ರಿಪೇರಿ ಎಂಬ ಹೆಸರಿರಲಿಲ್ಲ. ಅದು ಅಡುಗೆಮನೆಯ ಕೆಲಸದಲ್ಲೇ ಸೇರಿಹೋಗಿತ್ತು.

ಟೂಲ್ ಬಾಕ್ಸ್ ಷೋಕೇಸಿನಿಂದ ಇಳಿಯುವುದು ವರ್ಷಕ್ಕೊಮ್ಮೆ, ಆಯುಧಪೂಜೆಗೆ. ಆ ದಿನ ಗುರುಪಾದಸ್ವಾಮಿ ಮಡಿಯುಟ್ಟು, ಸ್ಕ್ರೂಡ್ರೈವರುಗಳನ್ನು ಬಾಳೆಲೆಯ ಮೇಲೆ ಸಾಲಾಗಿ ಮಲಗಿಸಿ, ಒಂದೊಂದಕ್ಕೂ ವಿಭೂತಿ ಬಳಿಯುತ್ತಿದ್ದ. ಕೆಲವಕ್ಕೆ ಇನ್ನೂ ಬೆಲೆಯ ಚೀಟಿ ಅಂಟಿಕೊಂಡಿತ್ತು. ಅವನ ತಾಯಿ ಶಂಕರಮ್ಮ ಒಂದು ಸಲ ಕೇಳಿದ್ದರು: "ಈಳಿಗೆಮಣೆಗೂ ಒಂದ್ ಬೊಟ್ಟು ಇಡ್ಲಾ. ವರ್ಸೊಂಬತ್ತ್ ಕಾಲ ದುಡಿಯದು ಅದೇಯ."

"ಅದು ಆಯುಧವಾ? ಸುಮ್ಕಿರವ್ವ," ಎಂದು ನಕ್ಕಿದ್ದ.

ಹೋದ ಆಯುಧಪೂಜೆಗೆ ಅವನ ಕಣ್ಣು ಶಿವರಂಜನಿಯ ಲ್ಯಾಪ್‌ಟಾಪಿನ ಮೇಲೆ ಬಿತ್ತು. ಹನೂರಿನಲ್ಲಿರುವ ಅವಳ ತಮ್ಮ ಮೂರ್ತಿ ಹೊಸದು ಕೊಂಡಾಗ ತನ್ನ ಹಳೆಯದನ್ನು ಅಕ್ಕನಿಗೆ ಕೊಟ್ಟಿದ್ದ. ಅದರಲ್ಲಿ ಅವಳು ಕೊಳ್ಳೇಗಾಲದ ರೇಷ್ಮೆ ಮಗ್ಗಗಳಿಗೆ ಸೀರೆಯ ಅಂಚು, ಸೆರಗು ಬರೆಯುತ್ತಿದ್ದಳು. ಪರದೆಯ ಮೇಲೆ ಸಾಸಿವೆಯಷ್ಟು ಸಣ್ಣ ಚೌಕಗಳು. ಒಂದೊಂದು ಚೌಕವೂ ಒಂದೊಂದು ಎಳೆ. ಎಲ್ಲಿ ಜರಿ ಮೇಲೆ ಬರಬೇಕು, ಎಲ್ಲಿ ರೇಷ್ಮೆ, ಎಂದು ಬಣ್ಣ ತುಂಬುತ್ತ ಹೋಗಬೇಕು.

"ಇದೂ ಒಂದ್ ಮಿಷಿನ್ನೇ ಅಲ್ವಾ? ತಕಂಡ್ ಬಾ," ಎಂದ ಗುರುಪಾದಸ್ವಾಮಿ.

"ಕೀಬೋರ್ಡ್ ಒಳಕ್ಕೆ ಕುಂಕುಮ ಬಿದ್ರೆ ಕೆಟ್ಟೋಯ್ತದೆ ಕಣ್ರಿ."

"ಅಷ್ಟೂ ಗೊತ್ತಿಲ್ವಾ ನಂಗೆ?" ಎಂದು ಲ್ಯಾಪ್‌ಟಾಪನ್ನು ಬೋರಲು ಹಾಕಿದ. ಹಿಂಬದಿಯ ಸ್ಕ್ರೂಗಳು ಕುಳಿಯಲ್ಲಿ ಕೂತಿದ್ದವು, ಬೊಟ್ಟಿಡಲು ಹೇಳಿ ಮಾಡಿಸಿದ ಹಾಗೆ. ಒಂದೊಂದಕ್ಕೂ ತೇಯ್ದ ಗಂಧ, ಮೇಲೊಂದು ಕುಂಕುಮ. ಮೊದಲ ಮೂಲೆಯ ಸ್ಕ್ರೂ ಹೊತ್ತಿಗೆ ಭಕ್ತಿ ಹೊಸದಾಗಿತ್ತು. ಹೆಬ್ಬೆರಳ ತುಂಬ ಗಂಧ ಮೆತ್ತಿದ. ಕೊನೆಕೊನೆಯವಕ್ಕೆ ತೆಳ್ಳಗೆ ಸವರಿದ. ಫೋಟೊ ತೆಗೆದು ನೆಂಟರ ಗ್ರೂಪಿಗೆ ಹಾಕಿದ. ಎಲ್ಲರೂ ಕೈ ಮುಗಿದರು. ಅಂದು ಸಂಜೆ ಶಿವರಂಜನಿ ಒದ್ದೆಬಟ್ಟೆ ಹಿಡಿದು ಬಂದರೆ ಗದರಿದ: "ಪೂಜೆ ಮಾಡಿದ್ ಗಂಧವ ಒರಸ್ತಾರಾ? ಅದಾಗೇ ಉದುರ್ಬೇಕು." ಗಂಧ ಉದುರಲಿಲ್ಲ. ಒಣಗಿ, ಸ್ಕ್ರೂ ತಲೆಯ ಕಚ್ಚಿನೊಳಗೆ ಗಾರೆಯ ಹಾಗೆ ಕೂತಿತು.

ಶಿವರಂಜನಿಗೆ ಕೆಲಸ ಮಾಡಲು ಮೇಜಿರಲಿಲ್ಲ. ಮನೆಯಲ್ಲಿ ಮೇಜಿತ್ತು, ಹಾಲಿನ ಕಿಟಕಿಯ ಪಕ್ಕ, ಒಳ್ಳೆಯ ಬೆಳಕಿನಲ್ಲಿ. ಅದರ ಮೇಲೆ ಗುರುಪಾದಸ್ವಾಮಿಯ ಹೆಲ್ಮೆಟ್ಟು ಮತ್ತು ಹಳೆಯ ಪೇಪರುಗಳು ಕೆಲಸ ಮಾಡುತ್ತಿದ್ದವು. ಅವಳು ಲ್ಯಾಪ್‌ಟಾಪನ್ನು ಅಡುಗೆ ಕಟ್ಟೆಯ ಮೇಲೆ, ರಾಗಿಹಿಟ್ಟಿನ ಡಬ್ಬಕ್ಕೂ ಒಲೆಗೂ ನಡುವೆ ಇಟ್ಟುಕೊಂಡು, ನಿಂತೇ ಕೆಲಸ ಮಾಡುತ್ತಿದ್ದಳು. ಎಸರು ಕುದಿಯುವವರೆಗೆ ಒಂದು ಬುಟ್ಟಾ ಹೂವು, ಮುದ್ದೆ ಬೇಯುವವರೆಗೆ ಇನ್ನೊಂದು. ಒಗ್ಗರಣೆಯ ಹಬೆ, ಜರಡಿಯ ಹಿಟ್ಟು, ಎಲ್ಲವನ್ನೂ ಆ ಮಿಷಿನ್ನು ಉಸಿರಾಡುತ್ತಿತ್ತು.

ಇಷ್ಟು ದಿನ ಅವಳು ಬರೆದದ್ದೆಲ್ಲ ನಕಲು. ಹಳೆ ಸೀರೆಯ ಚಿತ್ರ ಕೊಟ್ಟರೆ ಅದನ್ನು ಚೌಕಕ್ಕಿಳಿಸುವುದು. ಈ ಸಲ ಕೊಳ್ಳೇಗಾಲದ ಮಗ್ಗದ ಮಾಲೀಕ ದೊಡ್ಡಮಾದಪ್ಪ ಅವಳೇ ಕಟ್ಟಿದ ಒಂದು ಸೆರಗಿನ ಅರ್ಧ ಭಾಗ ನೋಡಿ ತಲೆದೂಗಿದ್ದರು. ಹುಚ್ಚೆಳ್ಳಿನ ಹೂವಿನ ಸಾಲು, ಅದರ ನಡುವೆ ಬಿಳಿಗಿರಿರಂಗನ ಬೆಟ್ಟದ ಏರಿಳಿತ. "ಸೋಮ್ವಾರ ಬೆಳಿಗ್ಗೆ ಮಗ್ಗದ ಕಾರ್ಡಿಗೆ ತೂತು ಹೊಡೆಯೋಕೆ ಆಳು ಕೂರಸ್ತೀನಿ ಕಣಮ್ಮ. ಅಷ್ಟೊತ್ಗೆ ಪೂರಾ ಸೆರಗು ಬಂದ್ರೆ ನಿಂದು ಮಗ್ಗಕ್ಕೇರ್ತದೆ. ಇಲ್ಲಾಂದ್ರೆ ಹಳೇ ಮಾವಿನಕಾಯಿ ಡಿಸೈನ್ ಏರಸ್ತೀನಿ, ಮಗ್ಗ ಸುಮ್ನೆ ನಿಲ್ಸಾಕಾಗಲ್ಲ," ಎಂದಿದ್ದರು. ಅವಳದೇ ಒಂದು ಸೆರಗು, ಯಾರದೋ ಹೆಗಲ ಮೇಲೆ. ಅಷ್ಟೇ ಅವಳಿಗೆ ಬೇಕಾಗಿದ್ದದ್ದು.

ಶನಿವಾರ ಲ್ಯಾಪ್‌ಟಾಪ್ ಬಿಸಿಯಾಗಿ ಆರಿಹೋಯಿತು. ಹೊತ್ತಿಸಿದರೆ ಕೊರಕೊರ ಎಂದು ಕೆಮ್ಮಿ ಮತ್ತೆ ಆರುತ್ತಿತ್ತು. ಫೋನಿನಲ್ಲಿ ಒಂದು ವಿಡಿಯೊ ನೋಡಿದ ಮೇಲೆ ಕಾರಣ ತಿಳಿಯಿತು. ಒಳಗಿನ ಫ್ಯಾನಿಗೆ ಧೂಳು ಕಟ್ಟಿದೆ, ಹಿಂಬದಿ ಬಿಚ್ಚಿ ತೆಗೆಯಬೇಕು.

"ಕೊಳ್ಳೇಗಾಲಕ್ಕೆ ಓಗಿ ಬಿಚ್ಚಿಸ್ಕಂಡು ಬತ್ತೀನಿ ರೀ, ಈಗ್ಲೇ ಬಸ್ಸದೆ."

ಗುರುಪಾದಸ್ವಾಮಿಗೆ ಅವಮಾನವಾಯಿತು. "ಸ್ಕ್ರೂಡ್ರೈವರ್ ಮಾರೋನ ಎಂಡ್ತಿ ಸ್ಕ್ರೂ ಬಿಚ್ಸಕ್ಕೆ ಕೊಳ್ಳೇಗಾಲಕ್ಕೆ ಓಗದಾ? ನಗ್ತಾರೆ ಜನ. ನಾಳೆ ಬಾನ್ವಾರ, ನಾನೇ ಬಿಚ್ತೀನಿ."

"ಹಂಗಾದ್ರೆ ಆ ಸಣ್ಣ ಸ್ಕ್ರೂಡ್ರೈವರ್ ಕೊಡಿ, ನಾನೇ..."

"ಎಂಗಸ್ರು ಕೈಗೆ ಟೂಲ್ಸು ಕೊಟ್ರೆ ಮೊನೆ ಮುರೀತಾರೆ."

ಭಾನುವಾರ ಅವನು ನಿಧಾನವಾಗಿ ಎದ್ದ. ಸ್ನಾನವಾಯಿತು, ದೋಸೆಯಾಯಿತು, ಇನ್ನೆರಡು ದೋಸೆಯಾಯಿತು. ಆಮೇಲೆ ಜಗುಲಿಯ ಮೇಲೆ ಆಪರೇಷನ್ ಶುರುವಾಯಿತು. ಚಾಪೆ ಹಾಸಿದ್ದು ಶಿವರಂಜನಿ. ದಿಂಬು ತಂದದ್ದು ಶಿವರಂಜನಿ. ಸ್ಕ್ರೂ ಹಾಕಲು ತಟ್ಟೆ, ಕೈ ಒರೆಸಲು ಬಟ್ಟೆ, ಕನ್ನಡಕ, ಕಾಫಿ, ಸಕ್ಕರೆ ಕಡಿಮೆಯಾಯಿತೆಂದು ಮತ್ತೆ ಸಕ್ಕರೆ, ಎಲ್ಲ ಶಿವರಂಜನಿ. ಎದುರುಮನೆಯ ಬಸವಣ್ಣ ಬಂದು ಕಟ್ಟೆಯ ಮೇಲೆ ಕೂತರು. ಗಂಡಸೊಬ್ಬ ಮನೆಯಲ್ಲಿ ಏನಾದರೂ ಬಿಚ್ಚುತ್ತಿದ್ದರೆ ಇನ್ನೊಬ್ಬ ಗಂಡಸಿಗೆ ಅದರ ವಾಸನೆ ಹತ್ತುತ್ತದೆ. ಶಂಕರಮ್ಮ ಬಾಗಿಲಲ್ಲಿ ಎಲೆಅಡಿಕೆ ಹಾಕಿಕೊಂಡು ಕೂತರು.

ಗುರುಪಾದಸ್ವಾಮಿ ಬಾಕ್ಸಿನಿಂದ ಆರಿಸಿದ್ದು ಹಳದಿ ಹಿಡಿಯ ದಪ್ಪ ಸ್ಕ್ರೂಡ್ರೈವರನ್ನು. ಅದು ಮೋಟಾರಿನ ಮುಚ್ಚಳಕ್ಕೆ ತಕ್ಕದ್ದು. ಆದರೆ ಹಿಡಿಯಲು ಚೆನ್ನಾಗಿತ್ತು.

"ಅದು ದಪ್ಪ ಆಯ್ತು ಅನ್ಸುತ್ತೆ," ಎಂದಳು ಶಿವರಂಜನಿ. "ಒಳಗೆ ಗಂಧ ಬೇರೆ ಕಟ್ಟದೆ, ಮೊದ್ಲು ಕೆರೆದು ತೆಗೀರಿ."

"ನೀ ಒಳಿಕ್ಕೋಗಿ ಸಾರು ನೋಡು."

ತೆಳ್ಳಗೆ ಗಂಧವಿದ್ದ ಸ್ಕ್ರೂಗಳು ಗೊಣಗುತ್ತ ಬಂದವು. ಒಂದೊಂದು ಬಂದಾಗಲೂ ಅವನು ಬಸವಣ್ಣನ ಮುಖ ನೋಡುತ್ತಿದ್ದ. ಕೊನೆಗುಳಿದದ್ದು ಭಕ್ತಿ ಹೆಚ್ಚಾಗಿದ್ದ ಮೂಲೆಯದು. ಸ್ಕ್ರೂಡ್ರೈವರಿನ ಮೊನೆ ಗಂಧದ ಮೇಲೆ ಕೂತು, ಕಚ್ಚಿಗಿಳಿಯದೆ, ಕರ್ರೆಂದು ಜಾರಿತು. ಅವನು ಮತ್ತೂ ಒತ್ತಿದ. ಮತ್ತೂ ಜಾರಿತು. ಬೆಳ್ಳನೆಯ ಲೋಹದ ಪುಡಿ ಎದ್ದಿತು. ನೋಡನೋಡುತ್ತ ಸ್ಕ್ರೂವಿನ ತಲೆ ಸವೆದು, ಕಚ್ಚು ಅಳಿದು, ಗುಂಡನೆಯ ಹಳ್ಳವಾಯಿತು.

"ಎಡಗಡೀಕ್ ತಿರುಗ್ಸುಲಾ," ಎಂದರು ಬಸವಣ್ಣ.

"ಎಡಗಡೀಕೇ ಬಸವಣ್ಣೋರೆ."

"ಹಂಗಾರೆ ಬಲಗಡೀಕ್ ನೋಡು."

ಬಲಕ್ಕೆ ತಿರುಗಿಸಿದ. ಇದ್ದಬದ್ದ ಕಚ್ಚೂ ಹೋಯಿತು.

"ಎಣ್ಣೆ ಬುಡು. ಗೇಟಿನ ಬೋಲ್ಟು ಎಣ್ಣೆ ಬುಟ್ರೆ ಬಂದ್ಬುಡ್ತದೆ."

"ಏ ರಂಜಿ, ಕೊಬ್ರಿಎಣ್ಣೆ ತತ್ತಾ!"

ಜಾರುತ್ತಿದ್ದ ಸ್ಕ್ರೂಗೆ ಎಣ್ಣೆಯನ್ನೂ ಬಿಟ್ಟ. ಜಾರಲು ಇನ್ನೂ ಅನುಕೂಲವಾಯಿತು. ಕೊನೆಗೆ ಗುರುಪಾದಸ್ವಾಮಿ ಸ್ಕ್ರೂಡ್ರೈವರನ್ನು ಚಾಪೆಯ ಮೇಲೆ ಎಸೆದು ತೀರ್ಪು ಕೊಟ್ಟ. "ಕಂಪ್ನಿಯೋರು ಮೋಸ ಮಾಡವ್ರೆ. ಮೇಣದ ಸ್ಕ್ರೂ ಹಾಕವ್ರೆ. ನಾಡಿದ್ದು ಪುರ್ಸೊತ್ತಲ್ಲಿ ಕೊಳ್ಳೇಗಾಲದಲ್ಲಿ ತೋರಿಸ್ತೀನಿ ಬುಡು."

"ನಾಳೆ ಬೆಳಿಗ್ಗೆಗೇ ಕೊಡಬೇಕು ರೀ. ಇವತ್ತು ಬಾನ್ವಾರ, ಅಲ್ಲಿ ಅಂಗ್ಡಿ ತೆಗ್ದಿರಲ್ಲ. ನಿನ್ನೇನೇ ಓಯ್ತೀನಿ ಅಂದೆ."

"ಒಂದ್ ಸೆರಗಿಗೆ ಪ್ರಾಣ ಬುಡ್ತಾಳೆ ನೋಡಿ ಬಸವಣ್ಣೋರೆ," ಎಂದು ನಕ್ಕ. "ಈ ಸೀರೆ ಇಲ್ದಿದ್ರೆ ಇನ್ನೊಂದ್ ಸೀರೆ. ಎಂಗಸ್ರು ಉಟ್ಕಳದಂತೂ ಬುಡಲ್ಲ."

ಬಸವಣ್ಣನೂ ನಕ್ಕರು. ಶಂಕರಮ್ಮ ಎಲೆಯ ರಸ ಉಗಿದು ಬಾಯಿ ಬಿಟ್ಟರು: "ನಿಮ್ಮಪ್ಪನೂ ಹಿಂಗೇಯಾ. ಬಾವಿ ರಾಟೆ ಕಿರ್ ಅಂತದೆ, ಸರಿ ಮಾಡ್ತೀನಿ ಅಂತ ಬಿಚ್ಚಾಕ್ದ. ಜೋಡಿಸಾಕ್ ಬರ್ಲಿಲ್ಲ. ಆ ಬ್ಯಾಸ್ಗೆ ಪೂರಾ ಹೊಳೆಯಿಂದ ನೀರ್ ಹೊತ್ತದ್ದು ನಾನು. ಊರೋರೆಲ್ಲ ಏನಂದ್ರು ಗೊತ್ತಾ? 'ನಿನ್ ಗಂಡ ಬಲೇ ಕೆಲ್ಸಗಾರ' ಅಂದ್ರು."

ಗುರುಪಾದಸ್ವಾಮಿಗೆ ಕೇಳಿಸಲಿಲ್ಲ. ಅವನು ಮುದ್ದೆ ಸಾರು ಉಂಡು, ಫ್ಯಾನಿನ ಕೆಳಗೆ ಅಂಗಾತ ಮಲಗಿ ಗೊರಕೆ ಶುರುಮಾಡಿದ್ದ.

ಜಗುಲಿಯ ಮೇಲೆ ಟೂಲ್ ಬಾಕ್ಸ್ ಬಾಯಿ ತೆರೆದುಕೊಂಡು ಬಿದ್ದಿತ್ತು. ಸುತ್ತ ಹೊರಗೆ ತೆಗೆದ ಸಾಮಾನು, ಎಣ್ಣೆ ಬಟ್ಟಲು, ಕಾಫಿ ಲೋಟ. ಹರಡುವುದು ಆ ಮನೆಯ ಗಂಡಸಿನ ಕೆಲಸ, ಎತ್ತಿಡುವುದು ಹೆಂಗಸಿನ ಕೆಲಸ. ಅದು ಎಷ್ಟು ಹಳೆಯ ಕಟ್ಟಳೆಯೆಂದರೆ, ಬೀಗ ಹಾಕಿಡುವ ಬಾಕ್ಸು ಹೆಂಡತಿಯ ಕೈಗೆ ಹಾಗೇ ಸಿಗುತ್ತದೆಂಬುದು ಗುರುಪಾದಸ್ವಾಮಿಗೆ ಹೊಳೆದಿರಲಿಲ್ಲ.

ಶಿವರಂಜನಿ ಎತ್ತಿಡಲು ಕೂತಳು. ಎತ್ತಿಡುವವಳಿಗೆ ಎಲ್ಲಿ ಏನಿದೆ ಎಂದು ಕಾಣುತ್ತದೆ. ಬಾಕ್ಸಿನ ಕೆಳಗಿನ ಅರೆಯಲ್ಲಿ ಸಣ್ಣ ಸ್ಕ್ರೂಡ್ರೈವರುಗಳ ಪ್ಯಾಕೆಟ್ಟು, ಪ್ಲಾಸ್ಟಿಕ್ಕು ಕೂಡ ಹರಿಯದೆ, ಮೇಲೆ ವಿಭೂತಿ ಹಚ್ಚಿಸಿಕೊಂಡು ಮಲಗಿತ್ತು. ಅವಳು ಪ್ಲಾಸ್ಟಿಕ್ಕನ್ನು ಹಲ್ಲಲ್ಲಿ ಕಚ್ಚಿ ಹರಿದಳು.

ದೀಪದ ಬತ್ತಿಯ ಹತ್ತಿ ತಂದು ಸ್ಕ್ರೂವಿನ ಕುಳಿಗೆ ಅದ್ದಿ ಅದ್ದಿ ಎಣ್ಣೆಯನ್ನೆಲ್ಲ ಹೀರಿಸಿದಳು. ಒಲೆಯ ಬರ್ನರಿನ ತೂತು ಬಿಡಿಸುವ ಪಿನ್ನಿನಿಂದ ತಳದ ಗಂಧವನ್ನು ಕೆರೆದಳು. ಹಳದಿಯ ಹಕ್ಕಳೆ ಎದ್ದು ಬಂತು. ಅದರಡಿಯಲ್ಲಿ ಕಚ್ಚಿನ ತಳ ಸ್ವಲ್ಪ ಉಳಿದಿತ್ತು. ವಿಡಿಯೊದಲ್ಲಿ ಹೇಳಿದ್ದ ಉಪಾಯ ನೆನಪಿತ್ತು: ಸವೆದ ಸ್ಕ್ರೂ ತಲೆಗೂ ಮೊನೆಗೂ ನಡುವೆ ರಬ್ಬರ್ ಇಟ್ಟು ಒತ್ತಿದರೆ ಹಿಡಿತ ಸಿಗುತ್ತದೆ. ಸೊಪ್ಪಿನ ಕಟ್ಟಿಗೆ ಬಂದಿದ್ದ ರಬ್ಬರ್ ಬ್ಯಾಂಡುಗಳನ್ನು ಅವಳು ಎಸೆಯುವವಳಲ್ಲ, ಅಡುಗೆಮನೆಯ ಮೊಳೆಗೆ ನೇತುಹಾಕುವವಳು. ಅಗಲದ್ದೊಂದನ್ನು ಕತ್ತರಿಸಿ ಸ್ಕ್ರೂವಿನ ಮೇಲೆ ಹಾಸಿದಳು.

ಮೊದಲ ಸಲ ರಬ್ಬರ್ ಹರಿಯಿತು. ಎರಡನೆಯದೂ ಹರಿಯಿತು. ಇದೂ ಹೋದರೆ ನಾಳೆ ಮಗ್ಗಕ್ಕೆ ಮಾವಿನಕಾಯಿ ಏರುತ್ತದೆ.

"ಜೋರಾಗಿ ಒತ್ತವ್ವ, ಮೆಲ್ಲುಕ್ ತಿರುಗ್ಸು," ಎಂದರು ಶಂಕರಮ್ಮ ಬಾಗಿಲಿನಿಂದ. "ಶಾವಿಗೆ ಒರಳು ತಿರುಗ್ಸಲ್ವಾ, ಹಂಗೆ."

"ಇದ್ರ ಬೆನ್ ಇಡ್ಕಳಿ ಅತ್ತೆ, ಜರುಗ್ತದೆ."

ಶಂಕರಮ್ಮ ಎದ್ದು ಬಂದು ಎರಡು ಕೈಯಲ್ಲೂ ಲ್ಯಾಪ್‌ಟಾಪನ್ನು ಅದುಮಿ ಹಿಡಿದರು. ಶಿವರಂಜನಿ ಹೊಸ ರಬ್ಬರ್ ಹಾಸಿ, ಸ್ಕ್ರೂಡ್ರೈವರಿನ ಮೇಲೆ ಮೈಭಾರವನ್ನೆಲ್ಲ ಬಿಟ್ಟು, ಕೂದಲೆಳೆಯಷ್ಟು ತಿರುಗಿಸಿದಳು. ಸ್ಕ್ರೂ ಟಿಕ್ ಎಂದಿತು. ಇನ್ನೂ ಅಷ್ಟು. ಆಮೇಲೆ ಅದು ಸುಮ್ಮನೆ ಸುತ್ತುತ್ತ ಮೇಲೆದ್ದು ಬಂತು.

ಮುಚ್ಚಳ ತೆಗೆದರೆ ಫ್ಯಾನು ಕಾಣಲೇ ಇಲ್ಲ. ರಾಗಿಹಿಟ್ಟು, ಒಗ್ಗರಣೆಯ ಜಿಡ್ಡು, ಕೂದಲು, ಎಲ್ಲ ಸೇರಿ ಒಂದು ಬೂದು ರೊಟ್ಟಿ ಕೂತಿತ್ತು.

"ಅಯ್ಯೋ, ನಿನ್ನ ಅಡಿಗೇನೆಲ್ಲ ಇದೂ ಉಂಡದಲ್ಲಮ್ಮಿ!" ಎಂದರು ಶಂಕರಮ್ಮ.

ಕೆಡವಲು ಮೆತ್ತನೆಯ ಬ್ರಶ್ ಬೇಕಿತ್ತು. ಶಿವರಂಜನಿ ಸುತ್ತ ನೋಡಿದಳು. ಕನ್ನಡಿಯ ಕೆಳಗೆ ಗುರುಪಾದಸ್ವಾಮಿಯ ಗಡ್ಡದ ಬ್ರಶ್ ಇತ್ತು. ಅದು ಈ ಕೆಲಸಕ್ಕೆ ಬಹಳ ಚೆನ್ನಾಗಿ ಒದಗಿತು.

ಮುಚ್ಚಿ, ಉಳಿದ ಸ್ಕ್ರೂಗಳನ್ನು ಹಾಕಿದಳು. ಮೂಲೆಯ ಕುಳಿಯನ್ನು ಖಾಲಿ ಬಿಟ್ಟಳು. ಹೊತ್ತಿಸಿದಾಗ ಲ್ಯಾಪ್‌ಟಾಪ್ ಕೆಮ್ಮದೆ ಉಸಿರಾಡಿತು. ಅಭ್ಯಾಸಬಲದಿಂದ ಅಡುಗೆಮನೆಯ ಕಡೆ ಎರಡು ಹೆಜ್ಜೆ ನಡೆದಳು. ರಾಗಿಹಿಟ್ಟಿನ ಡಬ್ಬ ಕಣ್ಣಿಗೆ ಬಿತ್ತು. ತಿರುಗಿ ಹಾಲಿಗೆ ಬಂದಳು. ಮೇಜಿನ ಮೇಲಿದ್ದ ಪೇಪರುಗಳನ್ನು ಕಟ್ಟಿ ಮೂಲೆಗೆ ಹಾಕಿದಳು. ಹೆಲ್ಮೆಟ್ಟನ್ನು ತಗೊಂಡು ಹೋಗಿ ಅಡುಗೆ ಕಟ್ಟೆಯ ಮೇಲೆ, ಒಲೆಗೂ ಡಬ್ಬಕ್ಕೂ ನಡುವೆ ಇಟ್ಟಳು. ಕುರ್ಚಿ ಎಳೆದು ಕೂತಳು. ಆ ಕೆಲಸವನ್ನು ಅವಳು ಕೂತು ಮಾಡಿದ್ದು ಅದೇ ಮೊದಲು.

ಗುರುಪಾದಸ್ವಾಮಿ ಆಕಳಿಸುತ್ತ ಎದ್ದಾಗ ಅವಳು ಬೆಟ್ಟದ ಕೊನೆಯ ಇಳಿಜಾರಿಗೆ ಜರಿ ತುಂಬುತ್ತಿದ್ದಳು.

"ಕಾಫಿ."

"ಹಾಲು ಫ್ರಿಜ್ಜಲ್ಲದೆ ರೀ."

ಅವನಿಗೆ ಅರ್ಥವಾಗಲಿಲ್ಲ. ಮೇಜು ನೋಡಿದ, ಲ್ಯಾಪ್‌ಟಾಪ್ ನೋಡಿದ, ತಟ್ಟೆಯಲ್ಲಿ ಒಂಟಿಯಾಗಿ ಕೂತ ಸವೆದ ಸ್ಕ್ರೂ ನೋಡಿದ. "ಬಂತಾ? ನಾನ್ ಆಗ್ಲೇ ಎಣ್ಣೆ ಬುಟ್ಟು ಸಡ್ಲ ಮಾಡಿದ್ದೆ ಕಣೆ. ನೆನೀಬೇಕಿತ್ತು ಅಷ್ಟೇ."

"ಊಂ ಕಣ್ಲಾ," ಎಂದರು ಶಂಕರಮ್ಮ. "ನೀನ್ ಗೊರ್ಕೆ ಹೊಡ್ದಿದ್ಕೇ ಬಂದದ್ದು ಅದು. ಕಾಫಿ ಕಾಸ್ದ್ರೆ ನಂಗೂ ಒಂದ್ ಲೋಟ."

ಸೆರಗು ರಾತ್ರಿಯೂಟಕ್ಕೆ ಮುಂಚೆಯೇ ದೊಡ್ಡಮಾದಪ್ಪನಿಗೆ ಹೋಯಿತು. ಮರುದಿನ ಕಾರ್ಡು ಹೊಡೆದರು, ಹುಚ್ಚೆಳ್ಳಿನ ಹೂವು ಮಗ್ಗಕ್ಕೇರಿತು.

ಗುರುಪಾದಸ್ವಾಮಿ ಆ ಸವೆದ ಸ್ಕ್ರೂವನ್ನು ಅಂಗಡಿಗೆ ಒಯ್ದ. ಗಲ್ಲಾಪೆಟ್ಟಿಗೆಯ ಪಕ್ಕದ ಗಾಜಿನ ಬಟ್ಟಲಲ್ಲಿ ಇಟ್ಟುಕೊಂಡಿದ್ದಾನೆ. ಬಂದವರಿಗೆ ತೋರಿಸಿ, ತಾನು ಅದನ್ನು ಹೇಗೆ ತೆಗೆದೆನೆಂದು ಹೇಳುತ್ತಾನೆ. ಬಸವಣ್ಣ ಸಾಕ್ಷಿಗಿದ್ದಾರೆ. ಮನೆಯಲ್ಲಿ ಮೇಜು ಮಾತ್ರ ಅವನಿಗೆ ತಿರುಗಿ ಸಿಕ್ಕಿಲ್ಲ. ಹೆಲ್ಮೆಟ್ಟು ಅಡುಗೆ ಕಟ್ಟೆಯ ಮೇಲೇ ಇದೆ. ಅದರ ಮೇಲೆ ದಿನಾ ಒಂದಿಷ್ಟು ರಾಗಿಹಿಟ್ಟು ಕೂರುತ್ತದೆ. ಯಾರಾದರೂ ಒರೆಸುತ್ತಾರೆಂದು ಅವನು ಕಾಯುತ್ತಿದ್ದಾನೆ. ಬೆಳಿಗ್ಗೆ ಅದನ್ನು ಹಾಕಿಕೊಂಡು ಅಂಗಡಿಗೆ ಹೋಗಿ ತೆಗೆದರೆ ಹಿಟ್ಟು ಕೂದಲಿಗೆ ಉದುರುತ್ತದೆ, ಗಿರಾಕಿಗಳು ಅವನ ತಲೆ ನರೆಯಿತೆಂದುಕೊಳ್ಳುತ್ತಾರೆ.