ಕಂದುಬಣ್ಣವನ್ನು ನಂಬದ ಶ್ಯಾಮಲಾ ಸೆಲ್ವರಾಜ್

ಕರುಳಿನ ಹಾರ್ಮೋನುಗಳ ಸಂಶೋಧನೆಯಲ್ಲಿ ನಮ್ಮ ಚಿನ್ನದ ಗಣಿಯ ಸೀಮೆಗೆ ಗೌರವದ ಸ್ಥಾನ ತಂದುಕೊಟ್ಟವರು ಡಾ. ಶ್ಯಾಮಲಾ ಸೆಲ್ವರಾಜ್. ಊಟವಾದ ಮೇಲೆ ಕರುಳು ರಕ್ತಕ್ಕೆ ಬಿಡುವ ಹಾರ್ಮೋನಿನ ಸಂದೇಶವನ್ನು ಹಿಡಿಯುವುದಕ್ಕೆ ಜೀವಕೋಶಗಳ ಮೇಲೆ ಗ್ರಾಹಕಗಳಿರುತ್ತವೆ. ಆ ಗ್ರಾಹಕ ಎಲ್ಲೆಲ್ಲಿದೆಯೆಂದು ತಿಳಿದರೆ ಸಕ್ಕರೆ ಕಾಯಿಲೆಯ ಔಷಧಿ ಎಲ್ಲಿ ಕೆಲಸ ಮಾಡೀತೆಂಬುದೂ ತಿಳಿಯುತ್ತದೆ. ಅದನ್ನು ಹುಡುಕಿ, ಅಂಟಿಕೊಂಡು, ಸ್ಲೈಡಿನ ಮೇಲೆ ಕಂದುಬಣ್ಣವಾಗಿ ತೋರಿಸಿಕೊಡುವ ಆಂಟಿಬಾಡಿಯೊಡನೆಯೇ ಶ್ಯಾಮಲಾ ಅವರ ವೃತ್ತಿಜೀವನ ಕಳೆಯಿತು.

ಉರಿಗಾಮಿನ ಗಣಿ ಕಾರ್ಮಿಕರ ಸಾಲುಮನೆಯಲ್ಲಿ, ಸುರಂಗದಲ್ಲಿ ದುಡಿಯುತ್ತಿದ್ದ ಸೆಲ್ವರಾಜರ ಮಗಳಾಗಿ ಹುಟ್ಟಿ, ಕಾಲೇಜಿಗೆ ಓಡಾಡುತ್ತ ರೈಲಿನಲ್ಲೇ ಓದಿ ಪದವಿಗಳನ್ನು ಪಡೆದು, ಬಂಗಾರಪೇಟೆಯ ಸಂಶೋಧನಾ ಕೇಂದ್ರ ಸೇರಿದರು. ಕಾಮಸಮುದ್ರದ ಕೊನೆಯ ಬಸ್ಸು ತಪ್ಪಿದ ವಿದ್ಯಾರ್ಥಿನಿಯರಿಗೆ ಅವರ ಕ್ವಾರ್ಟರ್ಸೇ ತವರುಮನೆಯಾಯಿತು. ಈ ಗ್ರಾಹಕ ಹೃದಯದ ಸ್ನಾಯುವಿನಲ್ಲೂ ಇದೆಯೆಂದು ಒಂದು ಆಂಟಿಬಾಡಿಯಿಂದ ತೋರಿಸಿದ ಅವರ ಲೇಖನ ಹೊರಬಂದಾಗ ಹೆಸರು ಹೊರದೇಶಗಳಿಗೂ ಹಬ್ಬಿತು.

ಕಾಮಸಮುದ್ರದ ವಿದ್ಯಾರ್ಥಿನಿ ಕಲ್ಪನ, ಶ್ಯಾಮಲಾ ಅವರ ಮಾರ್ಗದರ್ಶನದಲ್ಲಿ ಡಾಕ್ಟರೇಟಿಗಾಗಿ ಅದೇ ಆಂಟಿಬಾಡಿಯಿಂದ ಮೂತ್ರಪಿಂಡದಲ್ಲಿ ಗ್ರಾಹಕವನ್ನು ಹುಡುಕಿದಳು. ಎಲ್ಲೆಡೆ ಕಂದುಬಣ್ಣ, ಎಲ್ಲರಿಗೂ ಸಂತೋಷ. ಶ್ಯಾಮಲಾ ಅವರಿಗೆ ಮಾತ್ರ ಆ ಧಾರಾಳತನವೇ ಹಿಡಿಸಲಿಲ್ಲ. ಆ ಗ್ರಾಹಕವೇ ಇಲ್ಲದಂತೆ ಬೆಳೆಸಿದ ಇಲಿಯ ಅಂಗಾಂಶವನ್ನು ಬೇರೊಂದು ಲ್ಯಾಬಿನಿಂದ ತರಿಸಿ ಪರೀಕ್ಷಿಸಿದರು. ಅಲ್ಲೂ ಕಂದುಬಣ್ಣ! ಆಂಟಿಬಾಡಿಯ ಹೊಸ ಸೀಸೆ ತೆರೆದು ನೋಡಿದರು, ಫಲಿತಾಂಶ ಬದಲಾಗಲಿಲ್ಲ. ಆಂಟಿಬಾಡಿ ಇನ್ನಾವುದಕ್ಕೋ ಅಂಟಿಕೊಳ್ಳುತ್ತಿತ್ತು.

ಕಲ್ಪನ ಅತ್ತಳು. "ಅಳಬೇಡ ಕಣ್ಣು," ಎಂದರು ಶ್ಯಾಮಲಾ. ಪ್ರೀತಿ ಉಕ್ಕಿದಾಗ ಉರಿಗಾಮಿನ ತಮಿಳು ಅವರ ನಾಲಿಗೆಗೆ ತಾನಾಗಿ ಬರುತ್ತಿತ್ತು.

ಕಲ್ಪನ ಪ್ರಬಂಧ ಸಲ್ಲಿಸಿಬಿಡಲಿ, ಆಮೇಲೆ ನೋಡೋಣವೆಂದು ಹಿತೈಷಿಗಳು ಸೂಚಿಸಿದರು. ಕೇಂದ್ರದ ನಿರ್ದೇಶಕ ಹುದ್ದೆ ಇನ್ನೇನು ಶ್ಯಾಮಲಾ ಅವರಿಗೇ ಎಂಬ ಮಾತಿದ್ದ ಕಾಲವದು. ಅವರಿಗೂ ಭಯವಾಗದೆ ಇರಲಿಲ್ಲ. ಒಂದು ಮಧ್ಯಾಹ್ನವೆಲ್ಲ ಬಾಗಿಲು ಹಾಕಿಕೊಂಡು ಕುಳಿತಿದ್ದು, ಸಂಜೆ ಎದ್ದು, ಹೃದಯದ ಕುರಿತ ತಮ್ಮ ಲೇಖನವನ್ನು ಹಿಂತೆಗೆದುಕೊಳ್ಳುವುದಾಗಿ ಪತ್ರಿಕೆಗೆ ಬರೆದರು. ಮಾರನೆಯ ದಿನ ಕಲ್ಪನಳೊಡನೆ ಬಸ್ಸು ಹತ್ತಿ ಅವಳ ಮನೆಗೆ ಹೋದರು.

ಹಸು ಸಾಕಿ ಸಂಸಾರ ನಡೆಸುತ್ತಿದ್ದ ಅವಳ ತಂದೆ ರಾಮಚಂದ್ರಪ್ಪ ಎದ್ದು ನಿಂತೇ ಕೇಳಿದರು: "ಅಂಗಾದ್ರೆ ನಮ್ಮುಡುಗಿ ಇಷ್ಟು ವರ್ಷ ಪಟ್ಟ ಪಾಡೆಲ್ಲ ದಂಡವಾ, ಮೇಡಮ್ಮೋರೆ? ಡಾಕ್ಟ್ರಾಗ್ತಾಳೆ ಅಂತ ಊರೋರ್ಗೆಲ್ಲ ಯೇಳ್ಕೊಂಡಿವ್ನಿ."

"ಆಗ್ತಾಳೆ, ರಾಮಚಂದ್ರಪ್ಪನೋರೆ. ತಪ್ಪು ಅವಳದಲ್ಲ. ಪರೀಕ್ಷೆ ಮಾಡದೆ ಅದನ್ನ ಮೊದಲು ನಂಬಿದೋಳು ನಾನು. ಹಾಗಂತಲೇ ಬರೆದು ಕಳಿಸಿದ್ದೀನಿ."

ಬಾಗಿಲಲ್ಲಿ ನಿಂತಿದ್ದ ತಾಯಿ ಮುತ್ಯಾಲಮ್ಮ, "ನಿಮ್ ಕೆಲ್ಸಕ್ಕೆ ತೊಂದ್ರೆ ಆಗಲ್ವಾ, ತಾಯಿ?" ಎಂದರು.

"ಆಗುತ್ತೆ."

ಮುತ್ಯಾಲಮ್ಮ ಒಳಗೆ ಹೋಗಿ ಮುದ್ದೆ ಬಡಿಸಿಕೊಂಡು ಬಂದರು. "ಮೊದ್ಲು ಉಣ್ಣಿ."

ತೊಂದರೆ ಆಗಿಯೇ ಆಯಿತು. ನಿರ್ದೇಶಕ ಹುದ್ದೆ ಬೇರೊಬ್ಬರ ಪಾಲಾಯಿತು; ಸಮ್ಮೇಳನಗಳ ಕರೆ ನಿಂತುಹೋಯಿತು. ಆ ಬಗ್ಗೆ ಒಂದು ಕಹಿಮಾತನ್ನೂ ಆಡದೆ, ಅವರು ಕಲ್ಪನಳ ಪಕ್ಕದಲ್ಲೇ ಕುಳಿತು, ಈ ಗ್ರಾಹಕಕ್ಕೆಂದು ಮಾರಾಟವಾಗುತ್ತಿದ್ದ ಆಂಟಿಬಾಡಿಗಳನ್ನೆಲ್ಲ ಒಂದೊಂದಾಗಿ ಗ್ರಾಹಕವಿಲ್ಲದ ಅಂಗಾಂಶದ ಮೇಲೆ ಪರೀಕ್ಷಿಸಿದರು. ಒಂದು ಮಾತ್ರ ನಂಬಿಕೆಗೆ ಅರ್ಹವಾಗಿ ಉಳಿಯಿತು. ಅದರಿಂದ ನೋಡಿದಾಗ ಮೂತ್ರಪಿಂಡದ ಸಣ್ಣ ರಕ್ತನಾಳಗಳ ಗೋಡೆಯಲ್ಲಷ್ಟೇ ಗ್ರಾಹಕ ಕಂಡಿತು. ಆ ಕೆಲಸಕ್ಕೇ ಕಲ್ಪನಳಿಗೆ ಡಾಕ್ಟರೇಟ್ ಬಂತು. ಹಳೆಯ ಆಂಟಿಬಾಡಿಯನ್ನು ಎಷ್ಟೋ ಲ್ಯಾಬುಗಳು ಕೈಬಿಟ್ಟವು.

ಡಾಕ್ಟರೇಟ್ ಬಂದ ವಾರ ರಾಮಚಂದ್ರಪ್ಪ ಲ್ಯಾಬಿಗೆ ಡಬ್ಬಿ ತುಂಬ ಗಿಣ್ಣು ತಂದರು. ಮಗಳು ಮಾಡಿದ್ದನ್ನು ನೋಡಬೇಕೆಂದು ಆಸೆಪಟ್ಟವರಿಗೆ, ಶ್ಯಾಮಲಾ ಆ ನಂಬಿಕೆಯ ಆಂಟಿಬಾಡಿ ಹಾಕಿದ, ಗ್ರಾಹಕವಿಲ್ಲದ ಇಲಿಯ ಸ್ಲೈಡನ್ನು ಸೂಕ್ಷ್ಮದರ್ಶಕದಡಿ ಇಟ್ಟರು. ರಾಮಚಂದ್ರಪ್ಪ ಬಹಳ ಹೊತ್ತು ಬಗ್ಗಿ ನೋಡಿದರು.

"ಇದ್ರಾಗೆ ಕಂದುಬಣ್ಣ ಎಲ್ಲೂ ಕಾಣ್ತಾ ಇಲ್ವಲ್ಲ, ಮೇಡಮ್ಮೋರೆ!"

"ಅಲ್ಲಿ ಅದು ಇಲ್ಲ. ಇಲ್ಲ ಅನ್ನೋದನ್ನ ಇಲ್ಲ ಅಂತಲೇ ತೋರಿಸಿದಾಳೆ ನಿಮ್ಮ ಮಗಳು."

ಈ ತಿಂಗಳು ಸೇವೆಯಿಂದ ನಿವೃತ್ತರಾಗುತ್ತಿರುವ ಶ್ಯಾಮಲಾ ಅವರ ಕಣ್ಣಿಗೆ ಬೆಳಕೂ ಮೊಣಕಾಲಿಗೆ ಬಂಗಾರಪೇಟೆ ಸ್ಟೇಷನ್ನಿನ ಮೆಟ್ಟಿಲು ಹತ್ತುವ ಬಲವೂ ಬಹುಕಾಲ ಇರಲಿ. ಅವರ ಕುರ್ಚಿಯನ್ನು ಯಾರಿಗೂ ಕೊಡುವುದಿಲ್ಲವೆಂದು ಈಗ ಅದೇ ಲ್ಯಾಬಿನಲ್ಲಿ ವಿಜ್ಞಾನಿಯಾಗಿರುವ ಡಾ. ಕಲ್ಪನ ಹೇಳಿಯಾಗಿದೆ. ಮೇಡಂ ಬಂದು ಕೂರಬೇಕು, ಅಷ್ಟೇ.