ಮೌಳಂಗಿಯ ದಂಡೆಯಲ್ಲಿ ಬಿಳಿ ಕುದುರೆ

ನನ್ನ ಗಂಡ ಚದುರಂಗದಲ್ಲಿ ಸೋಲುವುದನ್ನು ಕಲಿತದ್ದು ನನ್ನಿಂದ. ಮದುವೆಯಾಗಿ ನಾನು ದಾಂಡೇಲಿಗೆ ಬಂದ ಹೊಸತು, ತೊಂಬತ್ತರ ದಶಕದ ಕೊನೆಯ ಭಾಗ. ಇವರು ಅಲ್ಲಿನ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತರು. ಯಾವ ಕಚೇರಿ ಎಂದು ಬರೆಯುವುದಿಲ್ಲ. ಬರೆದರೆ ಉಳಿದ ಕಚೇರಿಗಳವರು ತಾವು ಪಾರಾದೆವು ಎಂದುಕೊಳ್ಳುತ್ತಾರೆ.

ಆ ಕಚೇರಿಯ ಸಾಹೇಬರಿಗೆ ಚದುರಂಗದ ಹುಚ್ಚು. ಭಾನುವಾರ ಬೆಳಿಗ್ಗೆ ತಮ್ಮ ಮನೆಯ ಪಡಸಾಲೆಯಲ್ಲಿ ಮಣೆ ಹಾಸಿ ಕೂತರೆ, ಕೈಕೆಳಗಿನವರು ಒಬ್ಬೊಬ್ಬರಾಗಿ ಬಂದು, ಎದುರು ಕೂತು, ಸೋತು, ಚಹಾ ಕುಡಿದು ಹೋಗಬೇಕು. ಗೆಲ್ಲುವ ಧೈರ್ಯ ಯಾರಿಗೂ ಇರಲಿಲ್ಲ. ಹಾಗಂತ ಥಟ್ಟನೆ ಸೋತರೂ ಸಾಹೇಬರಿಗೆ ಸಿಟ್ಟು. "ಮನಸ್ಸಿಟ್ಟು ಆಡ್ರಿ, ನಾ ಏನು ಪುಕ್ಕಟೆ ಗೆಲ್ಲಾಕ ಕುಂತೇನೇನು?" ಎಂದು ಗದರುತ್ತಿದ್ದರಂತೆ. ಕಷ್ಟಪಟ್ಟು ಸೋಲಬೇಕು. ಅದು ನಮ್ಮವರಿಗೆ ಬರುತ್ತಿರಲಿಲ್ಲ. ಕಾಯಿ ನಡೆಸುವುದೊಂದು ಬಿಟ್ಟರೆ ಅವರಿಗೆ ಆಟವೇ ತಿಳಿಯದು.

ನನಗೆ ಅಪ್ಪ ಕಲಿಸಿದ್ದ. ಹಳಿಯಾಳದ ಪೇಟೆಯಲ್ಲಿ ನಮ್ಮದು ಅರಿವೆ ಅಂಗಡಿ. ಸಂತೆಯ ದಿನ ಬಿಟ್ಟರೆ ಮಧ್ಯಾಹ್ನದ ಹೊತ್ತು ಗಿರಾಕಿಗಳು ಇರುತ್ತಿರಲಿಲ್ಲ. ಅಪ್ಪ ಗಾದಿಯ ಮೇಲೆ ಮಣೆ ಇಟ್ಟು, "ಬಾ, ಇವತ್ತರ ಗೆಲ್ತೀಯೇನು ನೋಡೂಣು" ಎನ್ನುತ್ತಿದ್ದ. ಮಗಳೆಂದು ಒಮ್ಮೆಯೂ ಬೇಕಂತ ಸೋತವನಲ್ಲ. ನಾನು ಅತ್ತಾಗಲೂ ಸೋಲಲಿಲ್ಲ. ಹಾಗಾಗಿ ಇವರು ಒಂದು ಶನಿವಾರ ಬಂದು ಕೇಳಿದ್ದು ನನಗೆ ಮೊದಲು ಅರ್ಥವೇ ಆಗಲಿಲ್ಲ.

"ಸಾಹೇಬ್ರಿಗೆ ಗೊತ್ತಾಗಬಾರದು ನೋಡು. ಹಂಗ ಸೋಲೂದು ಹೆಂಗ, ಹೇಳಿಕೊಡು."

"ಸೋಲಾಕೂ ಸಾಲಿ ಬೇಕೇನ್ರಿ?"

"ನೌಕರಿ ಕಷ್ಟ ನಿನಗ ತಿಳಿಯಂಗಿಲ್ಲ."

ಹೇಳಿಕೊಟ್ಟೆ. ಮೊದಲು ಒಂದೆರಡು ಪ್ಯಾದೆ ಹೊಡೆದುಕೊಳ್ಳಿ, ಸಾಹೇಬರು ಬೆವರಲಿ. ಆಮೇಲೆ ಬಹಳ ಯೋಚಿಸಿದವರಂತೆ ಹಣೆ ಒತ್ತಿಕೊಂಡು ರಾಣಿಯನ್ನು ತಪ್ಪು ಮನೆಗೆ ಇಡಿ. ಕೈ ಬಿಟ್ಟ ಮೇಲೆ "ಅಯ್ಯೋ" ಅನ್ನಿ. ಆ ಅಯ್ಯೋವನ್ನು ಇವರು ಕನ್ನಡಿಯ ಮುಂದೆ ನಿಂತು ರೂಢಿ ಮಾಡಿಕೊಂಡರು. ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಕೇಳುತ್ತಿದ್ದೆ. ಹೊಸ ಹೆಂಡತಿಗೆ ಗಂಡನ ಮೇಲೆ ಇರಬೇಕಾದ ಗೌರವದ ದೊಡ್ಡ ಪಾಲು ಆ ಕನ್ನಡಿಯಲ್ಲೇ ಹೋಯಿತು.

ಆ ಚಳಿಗಾಲದಲ್ಲಿ ಕಚೇರಿಯವರೆಲ್ಲ ಮನೆಮಂದಿ ಸಮೇತ ಊರ ಹತ್ತಿರದ ಮೌಳಂಗಿಗೆ ಊಟಕ್ಕೆ ಹೋದೆವು. ಹೊಳೆಯ ದಂಡೆಯಲ್ಲಿ ಜಮಖಾನೆ ಹಾಸಿ ಹೆಂಗಸರು ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಯ ಗಂಟು ಬಿಚ್ಚುತ್ತಿದ್ದೆವು. ಗಂಡಸರು ಮರದ ನೆರಳಲ್ಲಿ ಸಾಹೇಬರ ಸುತ್ತ ಕುಳಿತಿದ್ದರು. ಹೊಳೆಯ ಕಡೆಗೆ ಒಬ್ಬರ ಮುಖವೂ ಇರಲಿಲ್ಲ. ಸಾಹೇಬರು ಅಲ್ಲಿಗೂ ಮಣೆ ತಂದಿದ್ದರು. ಅವತ್ತು ಆಟವಲ್ಲ, ಒಗಟು. ಯಾವುದೋ ಪತ್ರಿಕೆಯಲ್ಲಿ ನೋಡಿದ್ದನ್ನು ಕಾಯಿ ಜೋಡಿಸಿ ಇಟ್ಟು, "ಬಿಳಿ ಆಡಬೇಕು, ಬಿಳಿ ಗೆಲ್ಲಬೇಕು. ಯಾರರ ಹೇಳ್ರಿ ನೋಡೂಣು" ಎಂದರು.

ಯಾರೂ ಹೇಳಲಿಲ್ಲ. ಹೇಳಬಾರದು ಎಂಬುದು ಎಲ್ಲರಿಗೂ ಗೊತ್ತಿತ್ತು. ಒಬ್ಬ ತಲೆ ಕೆರೆದುಕೊಂಡ. ಇನ್ನೊಬ್ಬ "ಇದು ನಮ್ಮಂಥವ್ರಿಗೆ ಆಗೂದಲ್ರಿ" ಎಂದ. ನಮ್ಮವರು ರೂಢಿ ಮಾಡಿಕೊಂಡ ಅಯ್ಯೋವನ್ನು ಅಲ್ಲಿಯೂ ಒಮ್ಮೆ ಅಂದರು, ಅಲ್ಲಿ ಅದರ ಅಗತ್ಯವೇ ಇರಲಿಲ್ಲ.

ರೊಟ್ಟಿಯ ಬುಟ್ಟಿ ಹಿಡಿದು ಹೋದವಳು ನಾನು ಮಣೆಯನ್ನು ನೋಡಿದೆ. ಕರಿಯ ರಾಜ ತನ್ನ ಕೊನೆಯ ಸಾಲಿನಲ್ಲಿ, ಮೂರು ಪ್ಯಾದೆಗಳ ಹಿಂದೆ ಬೆಚ್ಚಗೆ ಕುಳಿತಿದ್ದ. ಆ ಸಾಲನ್ನು ಕಾಯಲು ಪಕ್ಕದಲ್ಲಿ ಒಂದೇ ಆನೆ. ಕರಿಯ ರಾಣಿ ನಡುಮಣೆಗೆ ಬಂದು ಮೆರೆಯುತ್ತಿದ್ದಳು. ಬಿಳಿಯ ಕಡೆ ರಾಣಿಯೇ ಇಲ್ಲ. ರಾಜನ ಜೊತೆ ಒಂದು ಆನೆ, ಒಂದು ಕುದುರೆ, ಅಷ್ಟೆ. ಆ ಕುದುರೆಯೂ ತನ್ನದೇ ಆನೆಯ ಮುಂದೆ ನಿಂತು ಅದರ ದಾರಿ ಕಟ್ಟಿತ್ತು.

ಸಾಹೇಬರು ಸಾಕಷ್ಟು ಹೊತ್ತು ಎಲ್ಲರ ದಡ್ಡತನವನ್ನು ಸವಿದು, "ಕುದುರಿ ಬಲಿ!" ಎಂದು ಕುದುರೆಯನ್ನು ಎತ್ತಿ ರಾಜನಿಗೆ ಚೆಕ್ ಕೊಟ್ಟರು. ಇಟ್ಟದ್ದು ಪ್ಯಾದೆಯ ಬಾಯಿಗೆ. "ಪ್ಯಾದೆ ಹೊಡೀತು. ರಾಜನ ಗ್ವಾಡಿ ಒಡೀತು. ಇನ್ನ ಆನಿ ಸೀದಾ ಒಳಗ." ಎಲ್ಲರೂ ವ್ಹಾ ವ್ಹಾ ಎಂದು ಚಪ್ಪಾಳೆ ತಟ್ಟಿದರು. ಒಬ್ಬನಂತೂ ಕಣ್ಣಲ್ಲಿ ನೀರು ತಂದುಕೊಂಡ. ಆನೆ ಒಳಗೆ ಹೋದರೆ ಅಲ್ಲಿ ಕಾಯುತ್ತಿರುವ ಕರಿಯ ಆನೆ ಅದನ್ನು ಸುಮ್ಮನೆ ತಿಂದುಹಾಕುತ್ತದೆ ಎಂಬುದನ್ನು ಒಬ್ಬನೂ ನೋಡಲಿಲ್ಲ. ನೋಡಿದವನಿದ್ದರೆ ಅವನೇ ಹೆಚ್ಚು ಜೋರಾಗಿ ತಟ್ಟಿರಬೇಕು.

ನನಗೆ ತಡೆಯಲಾಗಲಿಲ್ಲ. "ಸಾಹೇಬ್ರ, ಒಳಗ ಕರಿ ಆನಿ ಐತಲ್ರಿ. ಹೊಡೀತೈತಿ" ಎಂದೆ.

ಚಪ್ಪಾಳೆ ನಿಂತಿತು. ನಮ್ಮವರು ಕಣ್ಣಲ್ಲೇ ಬೇಡ ಬೇಡ ಎಂದರು. ಸಾಹೇಬರು ನಕ್ಕರು. "ವೈನಿಯವರ, ಇದು ಬದ್ನಿಕಾಯಿ ತುಂಬೂ ಕೆಲಸ ಅಲ್ರಿ."

ಬದನೆಕಾಯಿ ತುಂಬುವುದು ಸಾಹೇಬರಿಗೆ ಗೊತ್ತಿದ್ದರೆ ಆ ಮಾತು ಆಡುತ್ತಿರಲಿಲ್ಲ, ಅದಕ್ಕೂ ಮುಂದೇನಾದೀತು ಎಂಬ ಲೆಕ್ಕ ಬೇಕು. ನಾನು ಬುಟ್ಟಿ ಕೆಳಗಿಟ್ಟು ಕೂತೆ. ಕುದುರೆಯನ್ನು ತಿರುಗಿ ಅದರ ಮನೆಗೆ ತಂದು, ಬೇರೆ ದಿಕ್ಕಿಗೆ ಹಾರಿಸಿದೆ, ಕರಿಯ ಆನೆಯ ಮೂಗಿನ ಮುಂದಕ್ಕೆ.

"ಈಗ ರಾಜಗ ಚೆಕ್. ರಾಣಿ ಮ್ಯಾಲೂ ಕುದುರಿ ಕಣ್ಣೈತಿ. ರಾಜ ಸರದರ ರಾಣಿ ಹೋದ್ಲು. ಏನ್ಮಾಡ್ತೀರಿ?"

ಸಾಹೇಬರ ಮುಖ ಸ್ವಲ್ಪ ಅರಳಿತು. "ಇಷ್ಟ ಏನ್ರಿ? ಆನೀಲೆ ಕುದುರಿ ಹೊಡದ್ನಿ" ಎಂದು ಕರಿಯ ಆನೆಯನ್ನು ಒಂದು ಮನೆ ಮುಂದಕ್ಕೆ ತಂದು ನನ್ನ ಕುದುರೆಯನ್ನು ಎತ್ತಿಟ್ಟರು.

ಆನೆ ಕೊನೆಯ ಸಾಲು ಬಿಟ್ಟಿತು. ಕುದುರೆ ಹೋದದ್ದಕ್ಕೆ ನನ್ನ ಆನೆಯ ದಾರಿಯೂ ತೆರೆದಿತ್ತು. ಅದನ್ನು ಉದ್ದಕ್ಕೆ ನೂಕಿ ಕೊನೆಯ ಸಾಲಿಗೆ ಮುಟ್ಟಿಸಿದೆ. ಚೆಕ್. ಸಾಹೇಬರು ಆನೆಯನ್ನು ಹಿಂದೆ ತಂದು ಅಡ್ಡ ಇಟ್ಟರು. ಹೊಡೆದೆ. ರಾಜನಿಗೆ ಮುಂದೆ ತನ್ನವೇ ಮೂರು ಪ್ಯಾದೆ, ಅಕ್ಕಪಕ್ಕ ನನ್ನ ಆನೆಯ ಕಣ್ಣು. ರಾಣಿ ನಡುಮಣೆಯಲ್ಲಿ ನೋಡುತ್ತ ನಿಂತಿದ್ದಳು, ಬರಲು ದಾರಿಯಿಲ್ಲ. ಬಿಳಿ ಗೆದ್ದಿತ್ತು.

ಚಪ್ಪಾಳೆ ತಟ್ಟಿದ ಕೈಗಳನ್ನು ಎಲ್ಲಿಡಬೇಕೋ ತಿಳಿಯದೆ ಒಬ್ಬ ಪ್ಯಾಂಟಿನ ಧೂಳು ಕೊಡವತೊಡಗಿದ. ನಕ್ಕದ್ದು ಒಬ್ಬರೇ, ಸಾಹೇಬರ ಹೆಂಡತಿ. "ತಿಂಗಳಾತು ಇದನ್ನ ಹಿಡಕೊಂಡು ಕುಂತಾರವ್ವ, ಊಟಕ್ಕ ಕರದ್ರೂ ಏಳಂಗಿಲ್ಲ!" ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಸಾಹೇಬರು ಕಾಯಿಗಳನ್ನು ಡಬ್ಬಿಗೆ ಸುರಿದು "ಊಟಕ್ಕ ಏಳ್ರಿ" ಎಂದರು.

ಇವರದು ಮನೆಗೆ ಬಂದ ಮೇಲೆ ಶುರುವಾಯಿತು. "ನಿನ್ನ ಶಾಣ್ಯಾತನದಾಗ ನನ್ನ ಹೊಟ್ಟಿ ಮ್ಯಾಲೆ ಕಾಲಿಟ್ಟಿ. ಮುಂದಿನ ಐತವಾರ ಬಂದು ತಪ್ಪಾತು ಅನ್ನು."

"ಏನು ತಪ್ಪಾತು ಅನ್ಲಿ? ಆನಿ ಸೀದಾ ನಡೀತು, ತಪ್ಪಾತು ಅನ್ಲೇನು?"

ಆದರೂ ಹೋದೆ. ಕ್ಷಮೆ ಕೇಳಲು ಅಲ್ಲ, ಅಷ್ಟು ಜನ ಗಂಡಸರು ಒಟ್ಟಿಗೆ ಕೂತು ಹೇಗೆ ಸೋಲುತ್ತಾರೆ ಎಂದು ನೋಡಲು. ಪಡಸಾಲೆಯಲ್ಲಿ ಕಚೇರಿ ಪೂರಾ ಸೇರಿತ್ತು, ಬೇರೆ ಕಚೇರಿಯ ಇಬ್ಬರು ಅತಿಥಿಗಳೂ ಇದ್ದರು. ಮಣೆಯ ಮೇಲೆ ಅದೇ ಒಗಟು. ಸಾಹೇಬರು ಅತಿಥಿಗಳಿಗೆ ತೋರಿಸುತ್ತಿದ್ದರು. ಈ ಸಲ ಕುದುರೆ ಸರಿಯಾದ ಮನೆಗೇ ಹಾರಿತು. ಆನೆ ಹೊಡೆಯಿತು, ಸಾಲು ಬರಿದಾಯಿತು, ಬಿಳಿಯ ಆನೆ ಒಳಗೆ ಬಂತು. "ನೋಡ್ರಿ, ಬಲಿ ಕೊಡೂದಕ್ಕೂ ಗುಂಡಿಗಿ ಬೇಕು" ಎಂದರು ಸಾಹೇಬರು. ನನ್ನನ್ನು ಕಂಡು, "ಅವತ್ತು ಹೊಳಿ ದಂಡಿಗೆ ವೈನಿಯವರಿಗೂ ಸ್ವಲ್ಪ ಸುಳಿವು ಕೊಟ್ಟಿದ್ನಿ. ಲಗೂನ ಹಿಡದ್ರು" ಎಂದರು.

"ಹೌದ್ರಿ, ಹೌದ್ರಿ" ಎಂದರು ಎಲ್ಲರೂ. ಎಲ್ಲರಿಗಿಂತ ಮೊದಲು ಅಂದವರು ನಮ್ಮವರು.

ನನಗೆ ಕೋಪ ಬಂದಿದ್ದರೆ ಏನಾದರೂ ಅನ್ನುತ್ತಿದ್ದೆ. ಕೋಪ ಬರಲು ಎದುರಿನವರು ಸ್ವಲ್ಪವಾದರೂ ತೂಕದವರಿರಬೇಕು. ಒಳಗೆ ಹೋಗಿ ಸಾಹೇಬರ ಹೆಂಡತಿಯೊಂದಿಗೆ ಚಹಾ ಕುಡಿದು ಬಂದೆ.

ವರ್ಷ ಕಳೆಯಿತು, ಸಾಹೇಬರಿಗೆ ವರ್ಗವಾಯಿತು. ನಮ್ಮವರಿಗೆ ಬಡ್ತಿ ಸಿಕ್ಕು ಮುಂಡಗೋಡಕ್ಕೆ ಹೋದೆವು. ಅಲ್ಲಿ ಕೈಕೆಳಗೆ ನಾಲ್ಕು ಜನ ಇದ್ದರು. ಮೊದಲ ತಿಂಗಳೇ ಇವರು ಹುಬ್ಬಳ್ಳಿಯಿಂದ ಒಂದು ಹೊಸ ಮಣೆ ತಂದರು. ಭಾನುವಾರ ಜನ ಬರತೊಡಗಿದರು, ಸೋಲತೊಡಗಿದರು. ನಾನು ಚಹಾ ಒಯ್ದು ಕೊಡುವಾಗ ಒಬ್ಬ ರಾಣಿಯನ್ನು ತಪ್ಪು ಮನೆಗೆ ಇಟ್ಟು ಹಣೆ ಬಡಿದುಕೊಳ್ಳುತ್ತಿದ್ದ. ಇವರು ಅದನ್ನು ನಿಜವೆಂದೇ ನಂಬಿದರು. ತಾನು ಕನ್ನಡಿಯ ಮುಂದೆ ಕಲಿತದ್ದನ್ನು ಇನ್ನೊಬ್ಬ ಮಾಡಿದಾಗ ಗುರುತು ಹಿಡಿಯದ ಮನುಷ್ಯನಿಗೆ ಏನೆನ್ನಬೇಕು? "ಇತ್ತಿತ್ತಲಾಗ ನನ್ನ ಆಟ ಭಾಳ ಸುಧಾರಿಸೇತಿ" ಎಂದರು ಒಂದು ದಿನ ಊಟಕ್ಕೆ ಕೂತಾಗ. ನಾನು ಸಾರು ಬಡಿಸಿದೆ.

ಮುಂದೊಂದು ವರ್ಷ ಆ ಕಚೇರಿಗೆ ಒಬ್ಬ ಹೆಣ್ಣುಮಗಳು ಟೈಪಿಸ್ಟಾಗಿ ಬಂದಳು. ಮುಂಡಗೋಡದವಳೇ. ಬಾಯಿ ಸ್ವಲ್ಪ ಜೋರು. ಎಲ್ಲರೂ ಬರುತ್ತಾರೆಂದು ಅವಳೂ ಒಂದು ಭಾನುವಾರ ಬಂದಳು. ಯಾರೂ ಅವಳಿಗೆ ಪದ್ಧತಿ ಹೇಳಿರಲಿಲ್ಲ. ಚಹಾ ಆರುವಷ್ಟರಲ್ಲಿ ನಮ್ಮವರನ್ನು ಸೋಲಿಸಿ, "ಮತ್ತೊಂದು ಆಡೂಣೇನ್ರಿ ಸರ್?" ಎಂದು ಕಾಯಿ ಜೋಡಿಸಿದಳು. ಉಳಿದ ನಾಲ್ವರು ಗೋಡೆಯ ಕ್ಯಾಲೆಂಡರು ನೋಡುತ್ತಿದ್ದರು. ಇವರು ಕಣ್ಣು ಉರಿಯುತ್ತದೆ ಎಂದು ಎದ್ದು ಒಳಗೆ ಹೋದರು. ಮುಂದಿನ ವಾರದಿಂದ ಭಾನುವಾರದ ಆಟ ನಿಂತಿತು. ಡಾಕ್ಟರು ಬೇಡ ಅಂದಿದ್ದಾರೆ ಎಂದು ಎಲ್ಲರಿಗೂ ಹೇಳಿದರು. ಯಾವ ಡಾಕ್ಟರು ಎಂದು ನಾನೂ ಕೇಳಲಿಲ್ಲ.

ಆ ಹುಡುಗಿಯನ್ನು ನಾನೇ ಕರೆದೆ. ಇವರು ಕೋಣೆಯ ಬಾಗಿಲು ಮುಚ್ಚಿಕೊಂಡು ಮಲಗಿದ್ದರು. ನಾವಿಬ್ಬರೂ ಅದೇ ಹೊಸ ಮಣೆ ಹಾಸಿಕೊಂಡು ಕೂತೆವು. ಅವಳು ನನ್ನನ್ನೂ ಸೋಲಿಸಿದಳು. ಅವತ್ತು ನನಗೆ ಚೆನ್ನಾಗಿ ಕೋಪ ಬಂತು.