ಖಾಲಿಯಾದ ಎರಡು ಬಿಟ್‌ಗಳು

ಗೆಳೆಯರೇ, ಬೆಳಿಗ್ಗೆ ನಮ್ಮ ಗೇಟಿನ ಮೇಲೆ ಹೊಸ ಮನೆ ನಂಬರ್ ಬರೆಯುತ್ತಿದ್ದ ಪೇಂಟರಿಗೆ ಓನರ್ ಅಂಕಲ್ ಹೇಳುತ್ತಿದ್ದರು: "ಹಳೇದು ಅಳಿಸ್ಬೇಡಪ್ಪ, ಜನ ಅದನ್ನೇ ಹುಡ್ಕೊಂಡು ಬರ್ತಾರೆ."

ಜೆ.ಪಿ. ನಗರದ ಆಫೀಸಿನಲ್ಲಿ ಮೀಟಿಂಗ್ ಇತ್ತು. ಕಂಪ್ಯೂಟರಿನ ಮೂಲ ತಂತ್ರಾಂಶವಾದ ಕರ್ನಲ್‌ನಲ್ಲಿ, ನೆಟ್‌ವರ್ಕಿನಿಂದ ಬರುವ ಡೇಟಾ ಪ್ಯಾಕೆಟ್‌ಗಳನ್ನು ಸೋಸುವ ನಮ್ಮ ಕೋಡಿನಲ್ಲಿ 'ತಡಿ', 'ಬಿಡು' ಎಂಬಂಥ ಪ್ರತಿ ಸೂಚನೆಗೂ ಒಂದು ಫ್ಲ್ಯಾಗ್ ಬಿಟ್, ಅಂದರೆ ಹೌದು-ಇಲ್ಲ ಗುರುತು; ಸಾಲಿನಲ್ಲಿ ಅದು ಎಷ್ಟನೆಯದು ಎಂಬುದರಿಂದಲೇ ಅದರ ಅರ್ಥ. ಸಾಲು ಭರ್ತಿಯಾಗಿ ಹೊಸದಕ್ಕೆ ಜಾಗವಿರಲಿಲ್ಲ. ಕರ್ನಲ್ ತನ್ನೊಳಗಷ್ಟೇ ಬಳಸುವ ಎರಡು ಬಿಟ್‌ಗಳನ್ನು ಕೋಡ್ ಬರೆಯುವ ಮಂಜು ಬೇರೆಡೆಗೆ ಸಾಗಿಸಿ, ಉಳಿದವನ್ನೆಲ್ಲ ಒತ್ತಾಗಿ ಸರಿಸಿದ್ದ.

"ಸಖತ್ ನೀಟಾಗಿದೆ. ಇವತ್ತೇ ಗ್ರಾಹಕರಿಗೆ ಹೋಗ್ಬೇಕು, ಮ್ಯಾನುಯಲ್ ಬದಲಾಯಿಸ್ಬಿಡು" ಎಂದ. ಮ್ಯಾನುಯಲ್ ಬರೆಯುವವಳು ನಾನು.

ಎಂದಿನಂತೆ ಬಾಗಿಲ ಪಕ್ಕದ ಕುರ್ಚಿಯಲ್ಲಿದ್ದವಳು ಮೆಲ್ಲಗೆ ಕೇಳಿದೆ: "ಅವರ ಹತ್ರ ಇರೋ ಹಳೇ ಪ್ರೋಗ್ರಾಂಗೆ ಇದು ಗೊತ್ತಾಗಲ್ವಲ್ಲ? ಅದು 'ತಡಿ' ಅಂತ ಕಳಿಸಿದ್ದನ್ನ ಕರ್ನಲ್ 'ಬಿಡು' ಅಂತ ಓದಲ್ವಾ?"

"ನೀನು ಬರಿಯಮ್ಮ ಸಾಕು" ಎಂದು ಮಂಜು ನಕ್ಕ. ನಗು ಅರ್ಧಕ್ಕೇ ನಿಂತಿತು. ಹಳೇ ಪ್ರೋಗ್ರಾಂ ತೆರೆದು ಬಿಟ್‌ಗಳನ್ನು ಒಂದೊಂದಾಗಿ ತಾಳೆ ನೋಡತೊಡಗಿದ.

ಸಂಜೆಗೆ ಸರಿಸಿದ ಬಿಟ್‌ಗಳೆಲ್ಲ ಹಳೇ ಜಾಗಕ್ಕೆ ಮರಳಿದವು. ತೆರವಾದ ಎರಡು ಮಾತ್ರ ಹೊಸದಕ್ಕೆ ಉಳಿದವು. "ನಿನ್ನ ಮ್ಯಾನುಯಲ್‌ನಲ್ಲಿ ಏನೂ ಬದಲಾಗಲ್ಲ ಬಿಡು" ಎಂದ.

ನಾಳೆಯ ಮೀಟಿಂಗಿನಲ್ಲಿ ಬಾಗಿಲ ಪಕ್ಕ ಬಿಟ್ಟು ಮೇಜಿನ ಹತ್ತಿರ ಕೂರುತ್ತೇನೆ. ನಾನೊಬ್ಬಳು ಜಾಗ ಬದಲಿಸಿದರೆ ಯಾರ ಪ್ರೋಗ್ರಾಮೂ ಕೆಡುವುದಿಲ್ಲ.